ಸಂಪಾದಕರ ಉತ್ತರ: ಕ್ಯುರೇಟರುಗಳ ಸಂಘವೂ ಅದರ ಅಧ್ಯಕ್ಷರೂ

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಕಾಸರಗೋಡು, ದಕ್ಷಿಣ ಕನ್ನಡ ಮತ್ತು ಕಣ್ಣೂರು ಜಿಲ್ಲೆಗಳ ಕಲಾ ಸಂಗ್ರಹಾಲಯಗಳಲ್ಲಿ ವಸ್ತುಗಳನ್ನು ಕಾಯುವ, ಅವುಗಳ ವಿವರ ಬಲ್ಲ ಕ್ಯುರೇಟರುಗಳು ಸೇರಿ ಸಂಘವೊಂದನ್ನು ಕಟ್ಟಲು ಹೊರಟಿರುವುದಾಗಿಯೂ ಅದರ ಮೊದಲ ಅಧ್ಯಕ್ಷಸ್ಥಾನಕ್ಕೆ ನಿಮ್ಮ ಹೆಸರು ಸೂಚಿತವಾಗಿರುವುದಾಗಿಯೂ ಬರೆದಿದ್ದೀರಿ. ಒಪ್ಪಿಕೊಳ್ಳುವ ಮೊದಲು ಮೂರು ವಿಷಯಗಳಲ್ಲಿ ನಮ್ಮ ಅಭಿಪ್ರಾಯ ಕೇಳಿದ್ದೀರಿ. ವಾರ್ಷಿಕೋತ್ಸವ ನಡೆಸಿ ನಾಲ್ಕು ಜನರಿಗೆ ಶಾಲು ಹೊದಿಸುವುದಲ್ಲದೆ ಇಂತಹ ಸಂಘದ ಅಧ್ಯಕ್ಷರಿಗೆ ಬೇರೆ ಕೆಲಸವಿದೆಯೇ? ದೈವಗಳ ಸಾಮಗ್ರಿ ಇರಿಸುವ ಭಂಡಾರಮನೆಗಳ ಮೊಗಗಳನ್ನೂ (ಮುಖವಾಡಗಳನ್ನೂ) ಬೊಂಬೆಯಾಟದ ಪೆಟ್ಟಿಗೆಗಳನ್ನೂ ತಲೆಮಾರುಗಳಿಂದ ಕಾಯ್ದುಕೊಂಡು ಬಂದ, ಪದವಿಯಿಲ್ಲದ ಜನರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಬಹುದೇ? ದೊಡ್ಡ ದೇಣಿಗೆಯ ಮಾತಾಡಿರುವ ಸಂಸ್ಥೆಯೊಂದರ ನಿರ್ದೇಶಕರನ್ನು ಗೌರವಾಧ್ಯಕ್ಷರನ್ನಾಗಿ ಮಾಡಬೇಕೆಂಬ ಸಲಹೆಗೆ ಏನೆನ್ನಬೇಕು? ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ; ಉಳಿದೆರಡಕ್ಕೆ ಉತ್ತರ ಅದರ ಬೆನ್ನಿಗೇ ಬರುತ್ತದೆ.

ಬೇಡ ಎನ್ನಿ. ಆ ನಿರ್ದೇಶಕರು ಎಷ್ಟೇ ಸಜ್ಜನರಾಗಿರಲಿ, ನಿಮ್ಮ ಸದಸ್ಯರಲ್ಲಿ ಕೆಲವರಿಗಾದರೂ ಅವರು ಸಂಬಳ ಕೊಡುವ ಧಣಿಗಳು. ಅಮೆರಿಕದಲ್ಲಿ ಕಲಾ ಸಂಗ್ರಹಾಲಯಗಳ ನಿರ್ದೇಶಕರು ತಮ್ಮ ಸಂಘವನ್ನು 1916ರಲ್ಲಿಯೇ ಕಟ್ಟಿಕೊಂಡರು. ಅದೇ ಕಟ್ಟಡಗಳಲ್ಲಿ ಕೆಲಸ ಮಾಡುವ ಕ್ಯುರೇಟರುಗಳಿಗೆ ತಮ್ಮದೆನ್ನುವ ಸಂಘವೊಂದು ಆದದ್ದು 2001ರಲ್ಲಿ. ಅಲ್ಲಿಯವರೆಗೆ ಅವರು ಅನಾಥರಾಗಿದ್ದರೆಂದಲ್ಲ. ಬ್ರಿಟನ್ನಿನಲ್ಲಿ 1889ರಿಂದ, ಅಮೆರಿಕದಲ್ಲಿ 1906ರಿಂದ, ನಮ್ಮ ದೇಶದಲ್ಲಿ 1944ರಿಂದ ವಸ್ತುಸಂಗ್ರಹಾಲಯಗಳ ಸಂಘಗಳಿವೆ. 1946ರಲ್ಲಿ ಅಂತರರಾಷ್ಟ್ರೀಯ ಮಂಡಳಿಯೂ ಹುಟ್ಟಿತು. ಆದರೆ ಅವೆಲ್ಲವೂ ಸಂಗ್ರಹಾಲಯಗಳ, ಅಲ್ಲಿನ ಎಲ್ಲ ಬಗೆಯ ಕೆಲಸಗಾರರ ಕೂಟಗಳು. ಕ್ಯುರೇಟರನ ಕಷ್ಟ ಬೇರೆ ತೆರನದು. ಒಂದು ವಿಗ್ರಹ ಎಲ್ಲಿಂದ ಬಂತು, ಒಂದು ಚಿತ್ರ ಅಸಲಿಯೋ ನಕಲಿಯೋ, ಯಾವುದನ್ನು ಮಾರಬಾರದು ಎಂಬುದು ಸಂಸ್ಥೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೆ. ಗೊತ್ತಾದದ್ದನ್ನು ಹೊರಗೆ ಹೇಳಿದರೆ ಕೆಲಸ ಕಳೆದುಕೊಳ್ಳುವವನೂ ಅವನೇ. ಅವನು ಆಡಲಾಗದ ಮಾತನ್ನು ಅವನ ಹೆಸರು ಬಾರದಂತೆ ಆಡುವುದಕ್ಕೆ ಒಂದು ಸಂಘ ಬೇಕು. ಅಧ್ಯಕ್ಷರ ಕೆಲಸ ಅದು. ಶಾಲು ಹೊದಿಸುವುದಕ್ಕೆ ನಮ್ಮಲ್ಲಿ ಜಂಕ್ಷನ್ನಿಗೊಂದರಂತೆ ಸಂಘಗಳಿವೆ. ಆ ವಿಷಯದಲ್ಲಿ ಕಾಸರಗೋಡಿನವರು ಯಾರಿಗೂ ಕಡಿಮೆಯಿಲ್ಲ.

ಇದು ಊಹೆಯ ಮಾತಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಷೈರ್ ಮ್ಯೂಸಿಯಂ ತನ್ನ ಹಣದ ಮುಗ್ಗಟ್ಟನ್ನು ನೀಗಿಸಿಕೊಳ್ಳಲು 40 ಕಲಾಕೃತಿಗಳನ್ನು ಹರಾಜಿಗಿಡಲು ಹೊರಟಿತು. ನಾರ್ಮನ್ ರಾಕ್‌ವೆಲ್ ಎಂಬ ಕಲಾವಿದರು ತಾವೇ ಆ ಮ್ಯೂಸಿಯಂಗೆ ಕೊಟ್ಟಿದ್ದ ಚಿತ್ರಗಳೂ ಅವುಗಳಲ್ಲಿದ್ದವು. ಸಂಗ್ರಹದಿಂದ ಏನನ್ನಾದರೂ ಮಾರಿದರೆ ಆ ಹಣವನ್ನು ಕಟ್ಟಡಕ್ಕೋ ಸಂಬಳಕ್ಕೋ ಬಳಸಬಾರದೆಂಬುದು ವೃತ್ತಿಯವರು ಹಿಂದಿನಿಂದ ಪಾಲಿಸಿಕೊಂಡು ಬಂದ ಕಟ್ಟುಪಾಡು. ವೃತ್ತಿಸಂಘಗಳು ಬಹಿರಂಗವಾಗಿ ವಿರೋಧಿಸಿದವು. ಆದರೂ ನ್ಯಾಯಾಲಯ 2018ರಲ್ಲಿ ಮಾರಾಟಕ್ಕೆ ಅನುಮತಿ ಕೊಟ್ಟಿತು. ಆಗ ನಿರ್ದೇಶಕರ ಸಂಘವು ಆ ಮ್ಯೂಸಿಯಂಗೆ ಕೃತಿಗಳನ್ನು ಎರವಲು ಕೊಡಬೇಡಿ, ಪ್ರದರ್ಶನಗಳಲ್ಲಿ ಸಹಕರಿಸಬೇಡಿ ಎಂದು ತನ್ನ ಸದಸ್ಯರಿಗೆ ಸೂಚಿಸಿತು. ಸಂಘಕ್ಕೆ ಪೊಲೀಸರಿಲ್ಲ, ಕಾನೂನಿನ ಬಲವಿಲ್ಲ. ಸಹಕರಿಸುವುದಿಲ್ಲ ಎನ್ನುವುದೊಂದೇ ಅದರ ಕೈಯಲ್ಲಿರುವ ಕೋಲು. ನಾಳೆ ನಿಮ್ಮ ಗೌರವಾಧ್ಯಕ್ಷರ ಸಂಸ್ಥೆಯೇ ಇಂತಹ ಮಾರಾಟಕ್ಕೆ ಇಳಿದರೆ ಆ ಕೋಲನ್ನು ಎತ್ತುವವರು ಯಾರು? ಅವರ ದೇಣಿಗೆಯನ್ನು ಬೇಕಾದರೆ ಸ್ವೀಕರಿಸಿ, ರಸೀದಿ ಕೊಡಿ, ಮಹಾಸಭೆಯ ಲೆಕ್ಕಪತ್ರದಲ್ಲಿ ತೋರಿಸಿ. ಸ್ಥಾನ ಮಾತ್ರ ಕೊಡಬೇಡಿ. ವಾರ್ಷಿಕ ಚಂದಾ ಹಣದಲ್ಲಿಯೇ ಸಂಘದ ದಿನವಹಿ ಖರ್ಚು ಸಾಗುವಷ್ಟು ಸಣ್ಣದಾಗಿ ಮೊದಲ ಕೆಲವು ವರ್ಷ ಇರುವುದು ಮೇಲು.

ಇದಕ್ಕಾಗಿಯೇ ನೀತಿಸಂಹಿತೆಯನ್ನು ತಕರಾರು ಹುಟ್ಟುವ ಮೊದಲು ಬರೆದಿಡಬೇಕು. ತಕರಾರು ಹುಟ್ಟಿದ ಮೇಲೆ ಬರೆದ ನಿಯಮವನ್ನು ಯಾರೂ ನಿಯಮವೆಂದು ನಂಬುವುದಿಲ್ಲ, ಒಬ್ಬ ವ್ಯಕ್ತಿಯ ಮೇಲಿನ ಹಗೆ ಎನ್ನುತ್ತಾರೆ. ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 1986ರಲ್ಲಿ ಅಂಗೀಕರಿಸಿ 2004ರಲ್ಲಿ ಪರಿಷ್ಕರಿಸಿದ ಸಂಹಿತೆ ನಿಮಗೆ ಮಾದರಿಯಾದೀತು, ಆದರೆ ಅದನ್ನು ಹಾಗೆಯೇ ನಕಲು ಮಾಡಬೇಡಿ. ಸದಸ್ಯರು ತಮಗಾಗಿ ಹಳೆಯ ವಸ್ತುಗಳನ್ನು ಕೊಂಡು ಮಾರಬಾರದು, ವ್ಯಾಪಾರಿಗೆ ಬೆಲೆ ಕಟ್ಟಿಕೊಡಬಾರದು, ಮೂಲ ತಿಳಿಯದ ವಸ್ತುವನ್ನು ಸಂಸ್ಥೆಗೆ ಶಿಫಾರಸು ಮಾಡಬಾರದು ಎಂಬ ಮೂರನ್ನಾದರೂ ನಮ್ಮ ಕಡೆಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಿರಿ.

ಈಗ ಸದಸ್ಯತ್ವದ ಪ್ರಶ್ನೆ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ದೇವಸ್ಥಾನದಿಂದ ಕಳುವಾದ ಕಂಚಿನ ನಟರಾಜನ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟು ಕೊಂಡಿತ್ತು. ವ್ಯಾಪಾರಿ ಒದಗಿಸಿದ ಕಾಗದಪತ್ರಗಳು ನೋಡುವುದಕ್ಕೆ ಸರಿಯಾಗಿಯೇ ಇದ್ದವು. ಅವು ಸುಳ್ಳೆಂದು ತೋರಿಸಿಕೊಟ್ಟದ್ದು, ವಿಗ್ರಹ ದೇವಸ್ಥಾನದಲ್ಲಿದ್ದಾಗ ತೆಗೆದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಇರಿಸಿದ್ದ ಹಳೆಯ ಛಾಯಾಚಿತ್ರ. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಆ ಚಿತ್ರ ಇರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ, ಬಳಿಕ ನಮ್ಮ ಭಂಡಾರಮನೆಗಳಲ್ಲಿ ಎಷ್ಟು ಮೊಗಗಳಿಗೆ ಅಂತಹ ಒಂದು ಚಿತ್ರವಿದೆ ಎಂದು ಕೇಳಿಕೊಳ್ಳಿ.

ಹಂದಿಯ ರೂಪದ ದೈವ ಪಂಜುರ್ಲಿಯ ಹಿತ್ತಾಳೆಯ ಮೊಗವೊಂದನ್ನು ಹತ್ತಿರದಿಂದ ನೋಡಿ. ಮೂತಿಯ ಮೇಲ್ಭಾಗದಲ್ಲಿ ಕೆತ್ತಿದ್ದ ಸಣ್ಣ ಬಳ್ಳಿ ಅರ್ಧ ಸವೆದಿರುತ್ತದೆ. ಪ್ರತಿವರ್ಷ ದೈವದ ನೇಮೋತ್ಸವಕ್ಕೆ ಮೊದಲು ಹುಣಸೆಹುಳಿ ಹಚ್ಚಿ ತಿಕ್ಕಿದ್ದರ ಗುರುತು ಅದು. ಕಿವಿಯ ಸಂದಿನಲ್ಲಿ, ಬೆರಳು ಹೋಗದ ಕಡೆ, ಅದೇ ಬಳ್ಳಿ ನಿನ್ನೆ ಕೆತ್ತಿದಂತೆ ಉಳಿದಿರುತ್ತದೆ. ತಿಕ್ಕಬೇಡಿ ಎಂದು ಹೇಳುವುದು ಪದವಿ ಪಡೆದ ಕ್ಯುರೇಟರನಿಗೆ ಸುಲಭ. ಆದರೆ ಆ ಮೊಗವನ್ನು ಯಾವ ಮನೆತನ ಒಪ್ಪಿಸಿತು, ಎಂದು ಬೆಸುಗೆ ಹಾಕಿಸಿದರು, ಯಾರು ಮುಟ್ಟಬಹುದು, ಯಾವ ದಿನ ಹೊರಗೆ ತೆಗೆಯುವುದು ಎಂಬ ಚರಿತ್ರೆಯೆಲ್ಲ ಇರುವುದು ತಿಕ್ಕುವವನಲ್ಲಿ. ಸಂಗ್ರಹಾಲಯದ ರಿಜಿಸ್ಟರಿನಲ್ಲಿ ಅದು ‘ಹಿತ್ತಾಳೆ ಮುಖವಾಡ, ಒಂದು, ದಾನ’ ಎಂಬ ಒಂದು ಸಾಲಾಗಿ ಬಂದು ಕೂರುತ್ತದೆ. ಮೆಕ್ಕೆಕಟ್ಟಿನ ಮರದ ಭೂತಮೂರ್ತಿಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಿಂತಿವೆ. ಅವುಗಳ ಮುಂದೆ ನಿಂತವರಿಗೆ ಕೆತ್ತನೆ ಕಾಣುತ್ತದೆ, ಬಣ್ಣ ಕಾಣುತ್ತದೆ, ಆರಾಧನೆಯ ಕಟ್ಟುಕಟ್ಟಳೆ ಮಾತ್ರ ಕಾಣುವುದಿಲ್ಲ.

ಆದ್ದರಿಂದ ಸದಸ್ಯತ್ವಕ್ಕೆ ಪದವಿಯನ್ನು ಅಳತೆಗೋಲಾಗಿ ಇಡಬೇಡಿ, ಮಾಡುವ ಕೆಲಸವನ್ನು ಇಡಿ. ಸ್ವಂತ ಲಾಭಕ್ಕಲ್ಲದೆ ಒಂದು ಸಂಗ್ರಹವನ್ನು ಕಾಯುವ, ಅದರ ವಿವರ ಬಲ್ಲ ಯಾರಾದರೂ ಸದಸ್ಯರಾಗಲಿ, ಪೂರ್ಣ ಮತದಾನದ ಹಕ್ಕಿನೊಂದಿಗೆ ಆಗಲಿ. ‘ಸಹಸದಸ್ಯ’ ಎಂಬ ಎರಡನೆಯ ಪಂಕ್ತಿಯನ್ನು ಹಾಕಿಸಿದರೆ ಅವರು ಉಂಡೆದ್ದು ಹೋಗುತ್ತಾರೆಯೇ ಹೊರತು ಭಂಡಾರದ ಬಾಗಿಲು ತೆರೆಯುವುದಿಲ್ಲ. ಬಾಗಿಲು ಹಾಕಬೇಕಾದದ್ದು ವ್ಯಾಪಾರಿಗಳಿಗೆ, ಅವರಲ್ಲಿ ಎಷ್ಟೇ ತಿಳಿವಳಿಕೆಯಿದ್ದರೂ. ಪ್ರತಿಯಾಗಿ ಭಂಡಾರಮನೆಯ ಸದಸ್ಯರಿಂದ ಸಂಘ ಕೇಳಬೇಕಾದದ್ದು ಒಂದೇ: ಮನೆಯವರ ಒಪ್ಪಿಗೆಯಿದ್ದರೆ ಪ್ರತಿ ವಸ್ತುವಿನ ಎದುರಿನ, ಹಿಂದಿನ, ಪಕ್ಕದ ಚಿತ್ರ ಮತ್ತು ಅಳತೆ. ಅದರ ಒಂದು ಪ್ರತಿ ಮನೆಯವರ ಬಳಿಯೇ ಇರಲಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಲೋಹದ, ಮರದ ಶಿಲ್ಪಗಳಂತಹವನ್ನು ನೋಂದಾಯಿಸುವಾಗಲೂ ಈ ಚಿತ್ರಗಳು ಬೇಕಾಗುತ್ತವೆ.

ಅಧ್ಯಕ್ಷರ ದೈನಂದಿನ ಕೆಲಸ ಇಷ್ಟು ಗಂಭೀರವಾಗಿ ಇರಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಗಾಳಿಯ ತೇವಾಂಶ ಶೇಕಡಾ 90ನ್ನು ಮುಟ್ಟುವುದುಂಟು. ಶೇಕಡಾ 65 ದಾಟಿದರೆ ಬಟ್ಟೆಗೂ ಕಾಗದಕ್ಕೂ ಬೂಸಲು ಹಿಡಿಯುವ ಅಪಾಯ. ಲೋಕದ ದೊಡ್ಡ ಸಂಗ್ರಹಾಲಯಗಳು ಕೂಡ ವಿದ್ಯುತ್ ಖರ್ಚಿಗೆ ಹೆದರಿ ಈಗ ಶೇಕಡಾ 40ರಿಂದ 60ರವರೆಗಿನ ಏರಿಳಿತವನ್ನು ಒಪ್ಪಿಕೊಂಡಿವೆ. ಕುಂಬಳೆ ಸೀಮೆಯ ಬೊಂಬೆಯಾಟದ ಪೆಟ್ಟಿಗೆಗೆ ಅದೂ ದೂರದ ಮಾತು. ಆದರೆ ತೇವಾಂಶ ದಾಖಲಿಸುವ ಸಣ್ಣ ಯಂತ್ರಗಳನ್ನು ನಾಲ್ಕೈದು ಕೊಂಡು ಸದಸ್ಯರ ನಡುವೆ ಸರದಿಯಲ್ಲಿ ಹಂಚುವುದು ಸಂಘದ ಚಂದಾ ಹಣದಲ್ಲಿ ಆಗುವ ಕೆಲಸ. ಒಂದು ಮಳೆಗಾಲದ ಅಂಕಿಗಳು ಕೈಯಲ್ಲಿದ್ದರೆ ಯಾವ ಗೋಡೆಯಿಂದ ಪೆಟ್ಟಿಗೆಯನ್ನು ಸರಿಸಬೇಕೆಂಬುದು ತಿಳಿಯುತ್ತದೆ, ಅನುದಾನ ಕೇಳುವಾಗ ತೋರಿಸಲು ಒಂದು ಆಧಾರವೂ ಆಗುತ್ತದೆ.

ಕಾನೂನಿನ ಕಡೆಯಿಂದ ಎರಡು ಮಾತು. ಕಚೇರಿ ಕರ್ನಾಟಕ–ಕೇರಳದ ನಡುವಿನ ತಲಪಾಡಿ ಗಡಿಯ ಯಾವ ಕಡೆಗಿರಬೇಕೆಂದು ಮೊದಲೇ ತೀರ್ಮಾನಿಸಿ. ಉತ್ತರಕ್ಕಾದರೆ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ. ದಕ್ಷಿಣಕ್ಕಾದರೆ, ನಾವು ಮಲಬಾರು ಭಾಗದವರಾದ್ದರಿಂದ, ತಿರುವಾಂಕೂರು–ಕೊಚ್ಚಿಯ 1955ರ ಕಾಯ್ದೆಯಲ್ಲ, ಹಳೆಯ 1860ರದೇ ಅನ್ವಯ. ಅದರಡಿ ಏಳು ಜನ ಸಹಿ ಮಾಡಿದರೆ ಸಂಘವಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಉಳಿಸಿದವರಿಗೆ ಮತದ ಹಕ್ಕಿಲ್ಲವೆಂದೂ ಅದು ಹೇಳುತ್ತದೆ. ಚುನಾವಣೆಯ ಹಿಂದಿನ ದಿನ ಒಬ್ಬರೇ ಹತ್ತು ಜನರ ಬಾಕಿ ಕಟ್ಟುವ ಪದ್ಧತಿಯನ್ನು ತಡೆಯಬೇಕಾದರೆ ನಿಮ್ಮ ನಿಯಮಾವಳಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಅಧ್ಯಕ್ಷರ ಅವಧಿಗೂ ಮಿತಿ ಹಾಕಿ. ಎರಡು ಅವಧಿ ಸಾಕು.

ಇನ್ನು ಭಾಷೆ. ಕಣ್ಣೂರಿನ ಸದಸ್ಯರು ಮಲಯಾಳಂ ಓದುವವರು, ನಮ್ಮವರು ಕನ್ನಡ ಓದುವವರು, ಭಂಡಾರಮನೆಯವರು ಸಭೆಯಲ್ಲಿ ಬಾಯಿ ತೆರೆದರೆ ತುಳು. ಇಂಗ್ಲಿಷಿನಲ್ಲಿ ನಡೆಸಿದರೆ ಎಲ್ಲರಿಗೂ ಸಮವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿದರೆ ಪದವೀಧರರಷ್ಟೇ ಮಾತಾಡುತ್ತಾರೆ. ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿರುವಾಗ ನಮ್ಮದೇ ಸಂಘದಲ್ಲಿ ಅದನ್ನು ಬಿಟ್ಟುಕೊಡುವುದು ಸರಿಯಲ್ಲ. ನೋಟೀಸು ಮತ್ತು ನಡಾವಳಿ ಕನ್ನಡ, ಮಲಯಾಳಂ ಎರಡರಲ್ಲಿಯೂ ಇರಲಿ. ತುಳುವಿನಲ್ಲಿ ಹೇಳಿದ್ದನ್ನು ಕಾರ್ಯದರ್ಶಿ ಕೇಳಿ ಬರೆದುಕೊಳ್ಳಲಿ. ನಿಯಮಾವಳಿಯ ಕನ್ನಡ ಕರಡು ಸಿದ್ಧವಾದಾಗ ಕಳುಹಿಸಿಕೊಡಿ. ಪ್ರಕಟಿಸಲು ಎರಡು ಪುಟ ಮೀಸಲಿಡುತ್ತೇವೆ. ಸಂಘಗಳ ಲೆಕ್ಕ ಬರೆದು ಪಳಗಿದ ಓದುಗರು ನಮ್ಮಲ್ಲಿ ಬಹಳ ಜನರಿದ್ದಾರೆ, ತಪ್ಪಿದ್ದರೆ ತೋರಿಸುತ್ತಾರೆ.

– ಸಂ.