ಓದುಗರ ಪ್ರಶ್ನೆ: ಹುಲಿ ಇಲ್ಲದ್ದು ಎಂಥ ಸರ್ಕಸ್ಸು?

ಪ್ರಶ್ನೆ: ಮಕ್ಳನ್ನ ಕರ್ಕೊಂಡು ಬಳ್ಳಾರ್ಯಾಗ ಸರ್ಕಸ್ ನೋಡಾಕ ಹೋಗಿದ್ವಿ. ಹುಲಿ, ಸಿಂಹ ಒಂದೂ ಇಲ್ಲ, ನಮ್ಮಪ್ಪ ಇದೆಂಥ ಸರ್ಕಸ್ಸು ಅಂತ ಬೈದ್ರು. ಜಾತ್ರ್ಯಾಗ ಮಂಗ ಆಡ್ಸೋನಿಗೆ ಹತ್ತು ರೂಪಾಯಿ ಕೊಟ್ಟಿದ್ಕ ಮಗಳು ನನ್ನ ಮ್ಯಾಲೆ ಸಿಟ್ಟಾದ್ಲು. ಅದು ಅವನ ಹೊಟ್ಟಿಪಾಡು ಅಲ್ಲೇನ್ರಿ?
— ಒಬ್ಬ ಓದುಗರು, ಸಿರುಗುಪ್ಪ

ಉತ್ತರ: ಮಗಳ ಸಿಟ್ಟು ಸರಿ ಐತ್ರಿ. ಹುಲಿ, ಸಿಂಹ ತರದಿರೋದು ಸರ್ಕಸ್ನೋರ ಜಿಪುಣತನ ಅಲ್ಲ, ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೆಳಗ 1998ರಾಗ ಕೇಂದ್ರ ಸರ್ಕಾರ ಕರಡಿ, ಮಂಗ, ಹುಲಿ, ಚಿರತೆ, ಸಿಂಹ ಇವನ್ನ ಆಟಕ್ಕ ಪಳಗಿಸೋದು, ಆಡ್ಸೋದು ಎರಡನ್ನೂ ಬ್ಯಾನ್ ಮಾಡ್ತು, ಸರ್ಕಸ್ನೋರು ಕೇರಳ ಹೈಕೋರ್ಟಿಗೆ ಹೋಗಿ ಸೋತ್ರು, ಸುಪ್ರೀಂ ಕೋರ್ಟಿಗೆ ಹೋದ್ರು, 2001ರಾಗ ಅಲ್ಲೂ ಸೋತ್ರು. (ಆನೆ ಆ ಪಟ್ಟಿಯೊಳಗ ಬರ್ಲಿಲ್ಲ, ಬರಬೇಕಿತ್ತು ಅಂತೀನಿ ನಾನು.) ಮಂಗ ಆ ಪಟ್ಟಿಯೊಳಗ ಐತಿ ನೋಡ್ರಿ, ಅಂದ್ರ ನಿಮ್ಮ ಜಾತ್ರ್ಯಾಗಿನ ಆಟನೂ ಕಾನೂನಿಗೆ ವಿರುದ್ಧನ.

ಹಿರ್ಯಾರಿಗೆ ಕರಡಿ ಆಡ್ಸೋರು ನೆನಪಿರ್ತಾರ, ಕರಡಿ ಮ್ಯಾಲೆ ಕೂಸನ್ನ ಕುಂದ್ರಿಸಿದ್ರ ಅಂಜಿಕಿ ಹೋಗ್ತದಂತ ಕುಂದ್ರಸೋರು, ಕೂದ್ಲು ಕಿತ್ತು ತಾಯ್ತಕ್ಕ ಕಟ್ಟೋರು. ಆ ಕರಡಿ ಖುಷಿಗೆ ಕುಣೀತಿದ್ದಿಲ್ರಿ. ಮರಿ ಇದ್ದಾಗ್ಲೇ ತಾಯಿಂದ ಕಿತ್ಕೊಂಡು ಬಂದು, ಕಾಸಿದ ಕಬ್ಬಿಣದಿಂದ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸೋರು, ಹಲ್ಲು ಮುರಿಯೋರು, ಆ ಹಗ್ಗ ಜಗ್ಗಿದ್ರ ಜೀವ ಹೋಗೋ ನೋವು, ನೋವು ತಾಳಲಾರದ ಎರಡು ಕಾಲ ಮ್ಯಾಲೆ ನಿಂತ್ರ ಸುತ್ತ ನಿಂತೋರದು ಚಪ್ಪಾಳಿ.

ಹೊಟ್ಟಿಪಾಡಿನ ಮಾತು ಸುಳ್ಳಂತ ಅನ್ನಂಗಿಲ್ಲ. ಆದ್ರ ಕರಡಿ ಆಡಿಸ್ತಿದ್ದ ಕಲಂದರ್ ಮಂದಿಗೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯೋರು ಸಣ್ಣ ವ್ಯಾಪಾರಕ್ಕ ದುಡ್ಡು, ಮಕ್ಳ ಸಾಲಿಗೆ ನೆರವು ಕೊಟ್ಟು ಕರಡಿ ಬಿಡಿಸಿದ್ರು, ಹಂಗ ಬಂದ ಕರಡಿ ಬನ್ನೇರುಘಟ್ಟದಾಗೂ ಅದಾವ. ದಾರಿ ಅದು. ನಿಮ್ಮ ಹತ್ತು ರೂಪಾಯಿಂದ ಅವನ ಬಡತನ ಹೋಗಂಗಿಲ್ಲ, ಈ ಮಂಗ ಸತ್ತ ಮ್ಯಾಲೆ ಇನ್ನೊಂದು ಮರಿ ಹಿಡ್ಯಾಕ ಧೈರ್ಯ ಬರ್ತದ ಅಷ್ಟ. ಮುಂದ ಕಂಡ್ರ ಅರಣ್ಯ ಇಲಾಖೆಗೆ ಹೇಳ್ರಿ, ಇಲ್ಲಾ 112ಕ್ಕ ಫೋನ್ ಮಾಡ್ರಿ, ನಾಲ್ಕು ಮಂದಿ ಕೂಡಿ ಅವನನ್ನ ಹೊಡ್ಯಾಕ ಮಾತ್ರ ಹೋಗಬ್ಯಾಡ್ರಿ.

ಅಪ್ಪಾಜಿಗೆ ಪ್ರಾಣಿ ನೋಡೋ ಆಸೆ ಇದ್ರ ದರೋಜಿ ಕರಡಿಧಾಮಕ್ಕ ಕರ್ಕೊಂಡು ಹೋಗ್ರಿ, 1994ರಿಂದ ಐತಿ, ನಿಮಗೇನು ದೂರ ಅಲ್ಲ. ಬಂಡೆ ಮ್ಯಾಲೆ ಬೆಲ್ಲದ ಪಾಕ ಸವರಿರ್ತಾರ, ಮಧ್ಯಾಹ್ನದ ಮ್ಯಾಲೆ ಮರಿ ಬೆನ್ನಿಗೇರಿಸ್ಕೊಂಡು ಬರೋ ತಾಯಿ ಕರಡಿನೂ ಕಾಣಬಹುದು. ವಾಚ್ ಟವರಿಂದ ನೋಡ್ಬೇಕು, ದುರ್ಬೀನು ಇದ್ರ ಒಯ್ರಿ.