ಹೂವಿನ ಹಿಂದೆ ಏನಿರಬೇಕು?

ಪ್ರಶ್ನೆ: ಅಂಗಳದ ತುಂಬೆ, ದಾಸವಾಳಗಳನ್ನು ಮ್ಯಾಕ್ರೊ ಲೆನ್ಸ್‌ನಲ್ಲಿ (ಪುಟ್ಟ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ತೆಗೆಯುತ್ತೇನೆ. ಹಿಂದೆ ಕಪ್ಪು ಬಟ್ಟೆ ಹಿಡಿದರೆ ಚಿತ್ರ ಅಚ್ಚುಕಟ್ಟಾಗಿ ಬಂದರೂ ಎಲ್ಲ ಹೂಗಳೂ ಒಂದೇ ಬಗೆಯ ಗಾಂಭೀರ್ಯ ತಳೆಯುತ್ತವೆ. ಬಟ್ಟೆ ತೆಗೆದರೆ ಹಿಂದಿನ ಕಡ್ಡಿಗಳು ಕಣ್ಣಿಗೆ ರಾಚುತ್ತವೆ. ಯಾವ ಹಿನ್ನೆಲೆ ಸೂಕ್ತ?
– ಓದುಗರೊಬ್ಬರು, ಸಾಗರ

ಉತ್ತರ: ಚಿತ್ರದ ಭಾವವನ್ನು ನಿರ್ಧರಿಸುವುದರಲ್ಲಿ ಹಿನ್ನೆಲೆಯ ಬಣ್ಣಕ್ಕಿಂತಲೂ, ಹೂವಿನ ಮೇಲಿನ ಬೆಳಕಿಗೂ ಅದರ ಹಿಂದಿನ ಬೆಳಕಿಗೂ ಇರುವ ಅಂತರದ ಪಾತ್ರ ದೊಡ್ಡದು. ಕಪ್ಪು ಬಟ್ಟೆ ಆ ಅಂತರವನ್ನು ವಿಪರೀತಕ್ಕೆ ಒಯ್ಯುವುದರಿಂದ, ದಾಸವಾಳದ ಕೆಂಪಿಗೆ ಒಪ್ಪುವ ಗಾಂಭೀರ್ಯವೇ ತುಂಬೆಯ ಪುಟ್ಟ ಬಿಳಿ ಎಸಳಿಗೆ ಹೊರೆಯಾಗುತ್ತದೆ. ಅಲ್ಲದೆ, ಹಿಂದೆ ಏನೂ ಕಾಣದ ಹೂವಿಗೆ ಹೊತ್ತೂ ಇರುವುದಿಲ್ಲ, ಋತುವೂ ಇರುವುದಿಲ್ಲ. ಈ ಕಪ್ಪಿನ ಬಳಕೆ ಈಚೆಗೆ ಅತಿಯಾಗಿದೆ ಎಂದೇ ನನ್ನ ಅಭಿಪ್ರಾಯ.

ಕಪ್ಪೇ ಬೇಕೆನಿಸಿದಾಗ ಬಟ್ಟೆಯ ಬದಲು ನೆರಳನ್ನು ಬಳಸಿ ನೋಡಿ. ಬೆಳಗಿನ ಓರೆ ಬಿಸಿಲು ಹೂವಿನ ಮೇಲಷ್ಟೇ ಬಿದ್ದು, ದೂರದಲ್ಲಿ ಮರದಡಿಯ ನೆರಳಿರುವಂತೆ ನಿಂತು, ಎಸಳಿನ ಬೆಳಕಿಗೆ ತಕ್ಕಂತೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಇಟ್ಟರೆ, ಹಿನ್ನೆಲೆ ಕಪ್ಪಾದರೂ ಅದರೊಳಗೆ ಹಸಿರಿನ ಛಾಯೆ ಉಳಿಯುತ್ತದೆ. ಕ್ಯಾಮೆರಾ ಆ ಕತ್ತಲೆಯನ್ನು ಬೆಳಗಿಸಲು ಹೋಗಿ ಬಿಳಿ ಎಸಳನ್ನು ಸುಟ್ಟುಬಿಡುವುದುಂಟು. ಆದ್ದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕಿಗೆ, ತಗ್ಗಿಸಿ ಆರಂಭಿಸಿ.

ತುಂಬೆಗೆ ನಾನು ಆರಿಸುವುದು ಮೋಡದ ದಿನವನ್ನು ಮತ್ತು ದೂರದ ತಿಳಿಹಸಿರನ್ನು. ಗೇಣು ದೂರದ ಕಡ್ಡಿ ಮಸುಕಾಗಿಯೂ ಕಡ್ಡಿಯಾಗಿಯೇ ಕಾಣುತ್ತದೆ. ಹತ್ತಡಿ ಆಚೆಗಿನ ಹುಲ್ಲು ಎಫ್ 4ರಲ್ಲಿ, ಅಂದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಅಗಲವಾಗಿ ತೆರೆದಾಗ, ಬರಿಯ ಬಣ್ಣವಾಗಿ ಕರಗಿ, ಚಿತ್ರಕ್ಕೆ ತಣ್ಣನೆಯ ನೆಮ್ಮದಿ ತರುತ್ತದೆ. 100 ಮಿ.ಮೀ. ಲೆನ್ಸ್ ಹಿನ್ನೆಲೆಯ ಕಿರಿದಾದ ತುಣುಕನ್ನಷ್ಟೇ ನೋಡುವುದರಿಂದ, ಗಿಡವನ್ನು ಮುಟ್ಟದೆ ನೀವೇ ಅರ್ಧ ಅಡಿ ಪಕ್ಕಕ್ಕೆ ಸರಿದರೂ ಆ ಕಡ್ಡಿಗಳು ಚೌಕಟ್ಟಿನಿಂದ ಹೊರಬೀಳಬಹುದು. ತುಂಬೆಯನ್ನು ಬಿಳಿಯ ಆಕಾಶಕ್ಕೆ ಎದುರಾಗಿ ಮಾತ್ರ ಹಿಡಿಯಬೇಡಿ, ಎಸಳಿನ ಅಂಚೇ ಅಳಿಸಿಹೋಗುತ್ತದೆ. ದಾಸವಾಳಕ್ಕೆ ಅದೇ ಆಕಾಶ ಚೆನ್ನ: ಒಂದು ಸ್ಟಾಪ್ ಹೆಚ್ಚಿಸಿದರೆ ಎಸಳಿನ ನರಗಳು ಹಿಂಬೆಳಕಿನಲ್ಲಿ ಎದ್ದು ಕಂಡು, ಹೂ ಹಗುರವಾಗುತ್ತದೆ. ಬೆಚ್ಚನೆಯ ಭಾವ ಬೇಕಿದ್ದರೆ ಅದೇ ಗಿಡದ ಇನ್ನೊಂದು ಹೂ ಹಿಂದೆ ಮಸುಕಾಗಿ ಬರುವಂತೆ ನಿಲ್ಲಿ.

ಇನ್ನೊಂದು ಮಾತು. ನಿಮ್ಮದು ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ನೋಟ ತೋರಿಸುವ ಕ್ಯಾಮೆರಾ) ಆಗಿದ್ದರೆ, ವ್ಯೂಫೈಂಡರ್ ತೋರಿಸುವುದು ಅಪರ್ಚರ್ ಪೂರ್ತಿ ತೆರೆದಾಗಿನ ನೋಟವನ್ನು. ಕಿಂಡಿ ಕಿರಿದಾಗುವ ಎಫ್ 11ರಲ್ಲಿ ತೆಗೆದ ಚಿತ್ರದಲ್ಲಿ, ಮೊದಲು ಕಾಣದಿದ್ದ ಕಡ್ಡಿಗಳು ಮೂಡಿಬರುತ್ತವೆ. ಚಿತ್ರದಲ್ಲಿ ಎಷ್ಟು ಆಳದವರೆಗೆ ಸ್ಪಷ್ಟವಾಗಿರುತ್ತದೆಂದು ಮೊದಲೇ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ, ಹಿನ್ನೆಲೆಯನ್ನು ಒಮ್ಮೆ ನೋಡಿಕೊಂಡೇ ಕ್ಲಿಕ್ಕಿಸಿ.