ಜೇಕಬ್ ಲಾರೆನ್ಸ್‌ಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವೇ?

ಪ್ರಶ್ನೆ: ಆಫ್ರಿಕನ್-ಅಮೆರಿಕನ್ ಕಲಾವಿದ ಜೇಕಬ್ ಲಾರೆನ್ಸ್ ಹೈಸ್ಕೂಲನ್ನೂ ಮುಗಿಸಿರಲಿಲ್ಲವಂತೆ. ಅವರ ಚಿತ್ರಗಳಲ್ಲಿ ಎಷ್ಟೋ ಮುಖಗಳಿಗೆ ಕಣ್ಣು, ಮೂಗು ಇಲ್ಲ, ಕೈಕಾಲುಗಳೆಲ್ಲ ಕೋನ ಕೋನ. ಯಾರಿಂದಲೂ ಕಲಿಯದ ಸಹಜ ಪ್ರತಿಭೆ ಎನ್ನಬಹುದೇ?

ಉತ್ತರ: ಎನ್ನಬಾರದು. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ಹಾಗಾಗಿ ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ. ಹೈಸ್ಕೂಲು ಬಿಟ್ಟದ್ದು ನಿಜ. ಚಿತ್ರಕಲೆ ಕಲಿಯಲಿಲ್ಲ ಎನ್ನುವುದು ಸುಳ್ಳು.

ತಾಯಿ ದುಡಿಯಲು ಹೋಗುತ್ತಿದ್ದರು. ಶಾಲೆ ಮುಗಿದ ಮೇಲೆ ಹುಡುಗ ಬೀದಿ ಸುತ್ತದಿರಲಿ ಎಂದು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಯುಟೋಪಿಯಾ ಚಿಲ್ಡ್ರನ್ಸ್ ಹೌಸ್ ಎಂಬ ಮಕ್ಕಳ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ ಕಲಿಸುತ್ತಿದ್ದವರು ಚಿತ್ರಕಾರ ಚಾರ್ಲ್ಸ್ ಆಲ್ಸ್ಟನ್. ಮುಂದೆ ಆಲ್ಸ್ಟನ್ ಅವರ ಸ್ಟುಡಿಯೋದಲ್ಲೇ ಲಾರೆನ್ಸ್‌ಗೆ ಕೆಲಸ ಮಾಡಲು ಜಾಗ ಸಿಕ್ಕಿತು. ಬರಹಗಾರರು, ಕಲಾವಿದರು ಬಂದು ವಾದ ಮಾಡುತ್ತಿದ್ದ ಜಾಗ ಅದು. ಮೆಟ್ರೊಪಾಲಿಟನ್ ಮ್ಯೂಸಿಯಂಗೆ ನಡೆದೇ ಹೋಗಿ ಇಟಲಿಯ ಹಳೆಯ ಚಿತ್ರಗಳನ್ನು ನೋಡಿ ಬರುತ್ತಿದ್ದರು. ಅಮೆರಿಕನ್ ಆರ್ಟಿಸ್ಟ್ಸ್ ಸ್ಕೂಲಿನಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದರು. ಶಿಲ್ಪಿ ಅಗಸ್ಟಾ ಸ್ಯಾವೇಜ್ ಪಟ್ಟು ಹಿಡಿದು ಸರ್ಕಾರದ ಕಲಾ ಯೋಜನೆಯಲ್ಲಿ ಸಂಬಳದ ಕೆಲಸ ಕೊಡಿಸಿದರು. ಇಷ್ಟು ಗುರುಗಳಿದ್ದವರನ್ನು ‘ತಾನಾಗಿ ಅರಳಿದ ಪ್ರತಿಭೆ’ ಎಂದರೆ ಆ ಗುರುಗಳನ್ನೆಲ್ಲ ಅಳಿಸಿಹಾಕಿದಂತೆ. ಅವರಲ್ಲಿ ಹೆಚ್ಚಿನವರು ಕಪ್ಪು ಜನ ಎಂಬುದನ್ನೂ ಗಮನಿಸಿ.

ಈಗ ‘ವಲಸೆ ಸರಣಿ’ಗೆ ಬನ್ನಿ. ಅಮೆರಿಕದ ದಕ್ಷಿಣದ ಕಪ್ಪು ಜನ ಉತ್ತರದ ಕಾರ್ಖಾನೆ ಊರುಗಳಿಗೆ ಹೊರಟ ಕಥೆ, 60 ಚಿತ್ರಗಳು, 1941ರಲ್ಲಿ ಮುಗಿದಾಗ ಲಾರೆನ್ಸ್‌ಗೆ 23 ವರ್ಷ. ಮೊದಲು ಗ್ರಂಥಾಲಯದಲ್ಲಿ ಕೂತು ಓದಿದರು, ಆಮೇಲೆ ಪ್ರತಿ ಚಿತ್ರಕ್ಕೂ ಒಕ್ಕಣೆ ಬರೆದುಕೊಂಡರು. 18x12 ಇಂಚಿನ ಹಾರ್ಡ್‌ಬೋರ್ಡುಗಳಿಗೆ ಬಿಳಿ ಜೆಸ್ಸೊ (ಬಣ್ಣಕ್ಕೆ ಮುಂಚಿನ ತಳಲೇಪ) ಬಳಿಯುವುದಕ್ಕೆ ಕಲಾವಿದೆ ಗ್ವೆಂಡೊಲಿನ್ ನೈಟ್ ಜೊತೆಯಾದರು. ಅದೇ ವರ್ಷ ಅವರಿಬ್ಬರೂ ಮದುವೆಯಾದರು. ಹಲಗೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಒಂದು ಬಣ್ಣ ಎತ್ತಿಕೊಂಡರೆ ಅದು ಬೇಕಾದ ಎಲ್ಲ ಚಿತ್ರಗಳಿಗೂ ಹಚ್ಚುವುದು, ಆಮೇಲೆ ಇನ್ನೊಂದು. ಕಪ್ಪಿನಿಂದ ಶುರು, ತಿಳಿ ಬಣ್ಣಗಳು ಕೊನೆಗೆ. ಬಣ್ಣಕ್ಕೆ ಬಣ್ಣ ಬೆರೆಸುತ್ತಿರಲಿಲ್ಲ, ಹಾಗಾಗಿ ಒಂದನೇ ಚಿತ್ರದ ಹಳದಿಯೇ ಕೊನೆಯ ಚಿತ್ರದಲ್ಲೂ ಸಿಗುತ್ತದೆ. ಅರವತ್ತೂ ಚಿತ್ರ ಮೊದಲೇ ತಲೆಯಲ್ಲಿ ಕೂತಿರದೆ ಈ ಕೆಲಸ ಸಾಧ್ಯವೇ ಇಲ್ಲ.

15ನೇ ಚಿತ್ರವನ್ನು ನೋಡಿ. ವಿಷಯ, ಗುಂಪು ಸೇರಿ ನೇಣು ಹಾಕಿ ಕೊಂದದ್ದು. ಹೆಣ ಕಾಣುವುದಿಲ್ಲ. ಬೋಳು ಕೊಂಬೆ, ಅದರಿಂದ ಇಳಿಬಿದ್ದ ಖಾಲಿ ಕುಣಿಕೆ, ಕೆಳಗೆ ಮುದುಡಿ ಕುಳಿತ ಒಬ್ಬ ವ್ಯಕ್ತಿ, ಅಷ್ಟೇ. ಮುಖವನ್ನೂ ತೋರಿಸಿಲ್ಲ. ಮುಖ ಬಿಡಿಸಿದ್ದರೆ ಅದು ಯಾರೋ ಒಬ್ಬರ ದುಃಖವಾಗುತ್ತಿತ್ತು. ಏನನ್ನು ಬಿಡಬೇಕು ಎಂಬ ತೀರ್ಮಾನ ಬರೆಯಲು ಬಾರದವರಿಂದ ಆಗುವುದಲ್ಲ.

‘ಎರಡು ಗಂಟೆಯಲ್ಲಿ ಲಾರೆನ್ಸ್ ಶೈಲಿ ಕಲಿಸುತ್ತೇವೆ’ ಎನ್ನುವ ವರ್ಕ್‌ಶಾಪ್‌ಗಳ ಬಗ್ಗೆ ಕೇಳಿದವರಿಗೂ ಇದೇ ಉತ್ತರ. ಅವರು ಕಲಿಸುವುದು ಚಪ್ಪಟೆ ಬಣ್ಣ ತುಂಬುವುದನ್ನು. ದುಡ್ಡು ಉಳಿಸಿ, ಒಳ್ಳೆಯ ಕಾಗದ ಕೊಂಡು ದಿನಾ ಸ್ಕೆಚ್ ಮಾಡಿ.

ಪ್ರಶ್ನೆ: ಪದವಿ ಇಲ್ಲದವರು ಪ್ರೊಫೆಸರ್ ಆದದ್ದು ಹೇಗೆ?

ಉತ್ತರ: ಕೆಲಸದಿಂದ. 1946ರಲ್ಲೇ ಚಿತ್ರಕಾರ ಜೋಸೆಫ್ ಆಲ್ಬರ್ಸ್, ತಾವು ಕಲಿಸುತ್ತಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಲಾರೆನ್ಸ್‌ರನ್ನು ಕಲಿಸಲು ಕರೆದರು. ಆಮೇಲೆ ನ್ಯೂಯಾರ್ಕಿನ ಪ್ರಾಟ್ ಕಲಾ ಸಂಸ್ಥೆ, 1971ರಿಂದ 1986ರಲ್ಲಿ ನಿವೃತ್ತರಾಗುವವರೆಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ.

ಪ್ರಶ್ನೆ: ವಲಸೆ ಸರಣಿಯನ್ನು ಎರಡು ಕಡೆ ಹಂಚಿದ್ದೇಕೆ?

ಉತ್ತರ: ಎರಡು ಮ್ಯೂಸಿಯಂಗಳೂ ಬೇಕೆಂದವು. ಬೆಸ ಸಂಖ್ಯೆಯವು ವಾಷಿಂಗ್ಟನ್‌ನ ಫಿಲಿಪ್ಸ್ ಕಲೆಕ್ಷನ್‌ಗೆ, ಸಮಸಂಖ್ಯೆಯವು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಹೋದವು.

ಪ್ರಶ್ನೆ: ವಲಸೆ ಸರಣಿಯ ‘ಸಹಿ ಇರುವ ಒರಿಜಿನಲ್’ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಅರವತ್ತೂ ಮ್ಯೂಸಿಯಂಗಳಲ್ಲಿವೆ ಎಂದು ಈಗಷ್ಟೇ ಹೇಳಿದೆ. ನಿಮಗೆ ಸಿಗುವುದು ಪೋಸ್ಟರ್, ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಲಾರೆನ್ಸ್ ಸಿಲ್ಕ್‌ಸ್ಕ್ರೀನ್ ಪ್ರಿಂಟ್‌ಗಳನ್ನು ಮಾಡಿದ್ದು ನಿಜ, ಹೈಟಿಯ ಕ್ರಾಂತಿಯ ನಾಯಕ ಟೂಸಾಂ ಲೂವೆರ್ಚೂರ್ ಕುರಿತ ಪ್ರಿಂಟ್‌ಗಳು ಹೆಸರಾಂತವು. ಅಂಥದ್ದನ್ನು ಮಾರುವವರು ಪೆನ್ಸಿಲ್ ಸಹಿ, ಪ್ರತಿಯ ಸಂಖ್ಯೆ, ಹಿಂದೆ ಯಾರ ಬಳಿ ಇತ್ತು ಎಂಬ ದಾಖಲೆ ಮೂರನ್ನೂ ತೋರಿಸಲಿ. ಒಂದಕ್ಕೆ ತಡವರಿಸಿದರೂ ಮುಂಗಡ ಕಟ್ಟಬೇಡಿ.